ಫೋನ್ ಸಿಗಲ್ಲ ಅಂತ ಫೈಬರ್ ಕೇಳಿದೆವು, ಫೋನ್ ಸಿಗಲಿಲ್ಲ ಅಂತ ಅರ್ಜಿ ಮುಚ್ಚಿದರು

'ಗ್ರಾಹಕರು ಕರೆಗೆ ಸಿಗದ ಕಾರಣ ನಿಮ್ಮ ಅರ್ಜಿಯನ್ನು ಮುಚ್ಚಲಾಗಿದೆ.' ಇದು ನನಗೆ ಬಂದ ಮೆಸೇಜ್. ಬಂದಿದ್ದು ಯಾವಾಗಲೋ, ನಾನು ಓದಿದ್ದು ಪೇಟೆಗೆ ಹೋದಾಗ. ಮನೆಯಲ್ಲಿ ಸಿಗ್ನಲ್ ಇಲ್ಲ. ಇಲ್ಲ ಅಂತಲೇ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಕೊಡಿ ಎಂದು ದುಡ್ಡು ಕಟ್ಟಿದ್ದು. ಏಜೆಂಟ್ ಹುಡುಗನಿಗೆ ಹೇಳಿದ್ದೆ, ಪೇಟೆಯ ಆಫೀಸಿನಲ್ಲಿ ಕೂತವರಿಗೂ ಹೇಳಿದ್ದೆ: ಫೋನ್ ಹತ್ತಲ್ಲ, ಬರುವುದಾದರೆ ಸೀದಾ ಮನೆಗೆ ಬನ್ನಿ, ಹಗಲು ಹೊತ್ತು ಯಾರಾದರೂ ಇದ್ದೇ ಇರುತ್ತೇವೆ. ಅವರು ಬರಲಿಲ್ಲ. ಫೋನ್ ಮಾಡಿದರು, ಹತ್ತಲಿಲ್ಲ, ಅರ್ಜಿ ಮುಚ್ಚಿದರು. ಸಿಟ್ಟು ಬರದೆ ಇರುತ್ತದಾ?

ನಮ್ಮದು ಹೊಸನಗರ ತಾಲೂಕಿನ ಒಂದು ಮೂಲೆ. ಮಲೆನಾಡಿನ ಹಳ್ಳಿ ಅಂದರೆ ಗೊತ್ತಲ್ಲ, ಮನೆಗೊಂದು ತೋಟ, ತೋಟದ ಮೇಲೊಂದು ಬೆಟ್ಟ, ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳಲ್ಲ. ಟಾರ್ ರಸ್ತೆಯ ಪಕ್ಕ ಕಂಬದ ಮೇಲೆ ಕಪ್ಪು ಫೈಬರ್ ಕೇಬಲ್ ಹೋಗಿದೆ. ಬಸ್ ನಿಲ್ಲುವ ಜಾಗದ ಹತ್ತಿರ ಅದರ ಪೆಟ್ಟಿಗೆಯೂ ಇದೆ. ಅಲ್ಲಿಂದ ನಮ್ಮ ಮನೆಗೆ ಅರ್ಧ ಕಿಲೋಮೀಟರ್ ಚಿಲ್ಲರೆ. ದಿನಾ ಬಸ್ಸಿಗೆ ಕಾಯುವಾಗ ಆ ಪೆಟ್ಟಿಗೆಯನ್ನೇ ನೋಡುತ್ತಾ ನಿಲ್ಲುತ್ತೇವೆ.

ಅರ್ಜಿ ತುಂಬಲು ಬಂದ ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಏನೂ ಸಿಟ್ಟಿಲ್ಲ. ಈಗ ಕಾಗದದ ಅರ್ಜಿ ಇಲ್ಲವಂತೆ, ಎಲ್ಲ ಆ್ಯಪ್‌ನಲ್ಲೇ. ಆ್ಯಪ್ ನಡೆಯಲು ನೆಟ್ ಬೇಕು. ನನ್ನ ಮೊಬೈಲಿಗೆ ಓಟಿಪಿ ಬರಬೇಕು. ಜಗಲಿಯಲ್ಲಿ ಕೂತರೆ ಎರಡೂ ಆಗಲ್ಲ. ಇಬ್ಬರೂ ಮನೆ ಹಿಂದಿನ ದರೆ ಹತ್ತಿದೆವು. ಗೇರು ಮರದ ಬುಡದಲ್ಲಿ ಅವನ ಫೋನಿಗೆ ನೆಟ್ ಸಿಕ್ಕಿತು. ನನ್ನ ಸಿಮ್ ಬೇರೆ ಕಂಪನಿಯದು, ಅದಕ್ಕೆ ಇನ್ನೂ ಮೇಲೆ ಹೋಗಬೇಕು. ನಾನು ಮೇಲೆ ಬಂಡೆಯ ಹತ್ತಿರ ನಿಂತು ಓಟಿಪಿಯ ಅಂಕಿ ಕೂಗಿ ಹೇಳಿದೆ, ಅವನು ಕೆಳಗೆ ಒತ್ತಿದ. ಅಷ್ಟರಲ್ಲಿ ಅದರ ಟೈಮ್ ಮುಗಿದಿತ್ತು. ಮತ್ತೆ ಶುರು. ಆಮೇಲೆ ಫೋಟೋ, ಆ್ಯಪ್ ಹೇಳಿದಾಗ ಕಣ್ಣು ಮಿಟುಕಿಸಬೇಕು. ಮಂಡಿನೋವಿರುವ ನಮ್ಮ ಅತ್ತೆಯ ಹೆಸರಲ್ಲಿ ಅರ್ಜಿ ಹಾಕಿದ್ದಿದ್ದರೆ ಅವರನ್ನು ಹೊತ್ತುಕೊಂಡು ಹತ್ತಬೇಕಿತ್ತು. ಇಷ್ಟನ್ನೂ ಕಣ್ಣಾರೆ ನೋಡಿಕೊಂಡು ಹೋದ ಕಂಪನಿಗೆ ಈ ಮನೆಗೆ ಫೋನ್ ಹತ್ತಲ್ಲ ಅಂತ ಗೊತ್ತಿರಲಿಲ್ವಾ?

ಜಗಳ ಮಾಡಿ ಅರ್ಜಿ ಮತ್ತೆ ತೆರೆಸಿದೆ. ಆಗ ಬಂದ ಕಾರಣ, ಪೆಟ್ಟಿಗೆಯಲ್ಲಿ ಪೋರ್ಟ್, ಅಂದರೆ ಮನೆಯ ವಯರ್ ಸಿಕ್ಕಿಸುವ ಜಾಗ, ಖಾಲಿ ಇಲ್ಲ. ಒಂದು ಫೈಬರ್ ಎಳೆಯನ್ನು ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿಯಲ್ಲಿ ಎಂಟೋ ಹದಿನಾರೋ ಮನೆಗೆ ಹಂಚುತ್ತಾರೆ. ತುಂಬಿದರೆ ಇನ್ನೊಂದು ಸ್ಪ್ಲಿಟರ್ ಹಾಕಬೇಕು. ಅದೇನು ದೊಡ್ಡ ಯಂತ್ರವಲ್ಲ, ಕೈಯಲ್ಲಿ ಹಿಡಿಯುವಷ್ಟು. ಲೈನ್ ರಿಪೇರಿಗೆ ಬಂದವರೊಬ್ಬರು ನನ್ನೆದುರೇ ಪೆಟ್ಟಿಗೆ ತೆರೆದು ತೋರಿಸಿದರು. ಯಾವಾಗಲೋ ಸಂಪರ್ಕ ಬಿಟ್ಟವರ ವಯರ್ ಇನ್ನೂ ಅದರಲ್ಲೇ ಸಿಕ್ಕಿಕೊಂಡಿದೆ. ಕಂಪ್ಯೂಟರಿನಲ್ಲಿ ಆ ಪೋರ್ಟ್ 'ಬಳಕೆಯಲ್ಲಿದೆ' ಅಂತ ತೋರಿಸುತ್ತದಂತೆ. ಅದನ್ನು ತೆಗೆದು ನಮಗೆ ಹಾಕಿ ಅಂದರೆ, ಅದು ಮೇಲಿನವರು ಮಾಡಬೇಕು ಅಂದರು. ಮೇಲಿನವರು ಯಾರು, ಎಲ್ಲಿ ಕೂರುತ್ತಾರೆ, ಅದು ಆ ಪುಣ್ಯಾತ್ಮರಿಗೂ ಗೊತ್ತಿಲ್ಲ.

ಪೋರ್ಟಿನ ಮಾತು ಮುಗಿಯಿತು ಅನ್ನುವಷ್ಟರಲ್ಲಿ ಕಂಬದ ಮಾತು ಬಂತು. ಕರೆಂಟ್ ಕಂಬದ ಮೇಲೆ ಹಾಕುವ ಹಾಗಿಲ್ಲ. ಮಧ್ಯೆ ಸೊಪ್ಪಿನಬೆಟ್ಟ ಬರುತ್ತದೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು), ಅಲ್ಲಿ ಹೊಸ ಕಂಬ ಹುಗಿಯಲು ಆಗಲ್ಲ. ಕಂಪನಿ ಕೊಡುವ ಕೇಬಲ್ ಸ್ವಲ್ಪ ದೂರಕ್ಕೆ ಮಾತ್ರ, ಉಳಿದಿದ್ದು ನಮ್ಮ ಖರ್ಚು. ಆಯ್ತು, ಕೇಬಲ್ ದುಡ್ಡು ನಾವೇ ಕೊಡುತ್ತೇವೆ, ತೋಟದ ಅಂಚಿನಲ್ಲಿ ಅಡಿಕೆ ಮರಕ್ಕೆ ಕಟ್ಟಿಕೊಂಡು ತರುತ್ತೇವೆ, ನೀವು ಎರಡು ತುದಿ ಜೋಡಿಸಿ ಕೊಡಿ ಅಂತ ನಮ್ಮನೆಯವರು ಕೇಳಿಕೊಂಡರು. ಅದಕ್ಕೂ ಆಗಲ್ಲ. ಕೊನೆಗೆ ಸಿಕ್ಕ ಉತ್ತರ ಒಂದೇ ಸಾಲು: 'ತಾಂತ್ರಿಕವಾಗಿ ಸಾಧ್ಯವಿಲ್ಲ.'

ಇದು ಶುದ್ಧ ಸುಳ್ಳು. ನನ್ನ ಮಗ ಬೆಂಗಳೂರಿನಲ್ಲಿ ಇದೇ ನೆಟ್‌ವರ್ಕ್ ಕೆಲಸದಲ್ಲಿದ್ದಾನೆ, ಅವನೇ ಬಿಡಿಸಿ ಹೇಳಿದ. ಒಂದೇ ಎಳೆಯನ್ನು ಹಲವು ಮನೆಗಳಿಗೆ ಹಂಚಿ ಕೊಡುವ ಈ ಜಿಪಾನ್ ಎಂಬ ಬಗೆಯ ಫೈಬರ್ ಎಕ್ಸ್‌ಚೇಂಜಿನಿಂದ 20 ಕಿಲೋಮೀಟರ್‌ವರೆಗೂ ಹೋಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಿದರೂ ಅರ್ಧ ಡೆಸಿಬಲ್‌ನಷ್ಟೂ ಕುಗ್ಗಲ್ಲ. ಹಿಂದೆ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಕೊಡುತ್ತಿದ್ದಾಗ ದೂರ ಹೆಚ್ಚಾದಷ್ಟೂ ವೇಗ ಬೀಳುತ್ತಿತ್ತು, ಆಗ ಈ ಮಾತು ಹೇಳಿದ್ದರೆ ಒಪ್ಪಬಹುದಿತ್ತು. ಈಗಿನ ತೊಂದರೆ ತಂತ್ರದ್ದಲ್ಲ, ದುಡ್ಡಿನದು. ಒಂದು ಮನೆಗಾಗಿ ಇಷ್ಟು ದೂರ ಲೈನ್ ಎಳೆದರೆ ತಿಂಗಳ ಬಾಡಿಗೆಯಲ್ಲಿ ಖರ್ಚು ಹುಟ್ಟಲ್ಲ ಅಂತ ಅವರ ಲೆಕ್ಕ. ಹಾಗಿದ್ದರೆ ಹಾಗಂತ ಬಾಯಿಬಿಟ್ಟು ಹೇಳಲಿ. ವಿಜ್ಞಾನದ ಮೇಲೆ ಯಾಕೆ ತಪ್ಪು ಹಾಕುತ್ತಾರೆ?

ಆ ಕಾಲದಲ್ಲಿ ಇದೇ ಸೊಪ್ಪಿನಬೆಟ್ಟದಲ್ಲಿ ಫೋನಿನ ಕಂಬ ನೆಟ್ಟು ನಮ್ಮ ಮನೆಗೆ ಲ್ಯಾಂಡ್‌ಲೈನ್ ಕೊಟ್ಟಿದ್ದರು. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಳಿಗೆಂದೇ ಮಾಡಿದ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ನಮ್ಮದೇ ಕಿತ್ತೂರಿನಲ್ಲಿ. ಹಳ್ಳಿಯ ಬಿಸಿಲು, ಧೂಳಿನ ಮಧ್ಯೆ ಏಸಿ ಇಲ್ಲದೆ ನಡೆಯಬೇಕು ಅಂತ ಯೋಚನೆ ಮಾಡಿ ಅದನ್ನು ಕಟ್ಟಿದ್ದರು. ಹಳ್ಳಿಗೆ ಏನು ಬೇಕು ಅಂತ ಮೊದಲು ಕೇಳಿ, ಆಮೇಲೆ ಯಂತ್ರ ಮಾಡಿದ ಜನ ಅವರು. ಈಗ ಯಂತ್ರ, ಕೇಬಲ್, ಪೆಟ್ಟಿಗೆ ಎಲ್ಲ ಇವೆ. ಕೊಡುವ ಮನಸ್ಸಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ ಸಂಗತಿ ಬೇರೆ. ದೂರು ಕೊಡೋಣ ಅಂತ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. 'ನಿಮ್ಮ ಕಸ್ಟಮರ್ ಐಡಿ ಒತ್ತಿ' ಅಂತು. ನನ್ನ ಹತ್ತಿರ ಐಡಿ ಇಲ್ಲ, ಸಂಪರ್ಕ ಕೊಟ್ಟ ಮೇಲೆ ತಾನೇ ಐಡಿ ಬರುವುದು? ಹೇಗೋ ಒಬ್ಬ ಮನುಷ್ಯರ ಧ್ವನಿ ಸಿಕ್ಕಿತು. ಆಕೆ ಹೇಳಿದ್ದು: 'ಮೇಡಂ, ನೀವು ಇನ್ನೂ ನಮ್ಮ ಗ್ರಾಹಕರಲ್ಲ, ದೂರು ದಾಖಲಿಸಲು ಆಗಲ್ಲ.' ದುಡ್ಡು ತೆಗೆದುಕೊಳ್ಳುವಾಗ ಗ್ರಾಹಕಿ. ಅರ್ಜಿ ಮುಚ್ಚುವ ಮೆಸೇಜಿನಲ್ಲೂ ಗ್ರಾಹಕಿ. ದೂರು ಕೊಡುವಾಗ ಮಾತ್ರ ಯಾರೂ ಅಲ್ಲ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್, ಅದರ 2012ರ ನಿಯಮದಲ್ಲಿ ದೂರು ಕೊಟ್ಟವರಿಗೆ ನಂಬರ್ ಕೊಡಬೇಕು, ಸಮಾಧಾನ ಆಗದಿದ್ದರೆ ಮೇಲ್ಮನವಿಗೂ ದಾರಿ ಇರಬೇಕು ಅಂತೆಲ್ಲ ಇದೆ. ಆ ಬಾಗಿಲ ಹತ್ತಿರಕ್ಕೇ ನಮ್ಮನ್ನು ಬಿಡದಿದ್ದರೆ ಒಳಗೆ ಏನಿದ್ದರೇನು?

2006ರಲ್ಲೇ ಟ್ರಾಯ್ ಇನ್ನೊಂದು ನಿಯಮ ಮಾಡಿತ್ತು. ಬ್ರಾಡ್‌ಬ್ಯಾಂಡ್ ಕೇಳಿದವರಿಗೆ 15 ಕೆಲಸದ ದಿನಗಳೊಳಗೆ ಕೊಡಬೇಕು, ಹಣ ಕಟ್ಟಿಸಿಕೊಂಡು ಕೊಡದಿದ್ದರೆ ದಿನಕ್ಕೆ 10 ರೂಪಾಯಿಯಂತೆ ಬಿಟ್ಟುಕೊಡಬೇಕು. ಎಲ್ಲಿ ಬಿಟ್ಟುಕೊಡಬೇಕು? ಮೊದಲ ಬಿಲ್ಲಿನಲ್ಲಿ. ಸಂಪರ್ಕವೇ ಸಿಗದವರಿಗೆ ಮೊದಲ ಬಿಲ್ ಎಲ್ಲಿಂದ ಬರಬೇಕು? ಜೊತೆಗೆ 'ತಾಂತ್ರಿಕವಾಗಿ ಸಾಧ್ಯವಿದ್ದರೆ' ಅಂತ ಒಂದು ಕೊಕ್ಕೆ. 2024ರಲ್ಲಿ ಇದರ ಜಾಗಕ್ಕೆ ಹೊಸ ನಿಯಮ ಬಂತು. ನಮ್ಮ ಪೆಟ್ಟಿಗೆಯ ಹತ್ತಿರ ಏನೂ ಬದಲಾಗಿಲ್ಲ. ಸಾಧ್ಯವಾ ಇಲ್ಲವಾ ಅಂತ ತೀರ್ಮಾನ ಮಾಡುವವರು ಕಂಪನಿಯವರೇ, ಅದು ಸರಿಯಾ ಅಂತ ಬಂದು ಅಳೆದು ನೋಡುವವರು ಯಾರೂ ಇಲ್ಲ.

ಇನ್ನು ಸರ್ಕಾರದ ದುಡ್ಡಿಗೇನು ಬರವಿಲ್ಲ. 2002ರಿಂದಲೂ ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಶೇಕಡಾ 5ರಷ್ಟು ಹಳ್ಳಿಗಳ ಸಂಪರ್ಕಕ್ಕೆಂದೇ ಇರುವ ನಿಧಿಗೆ ಹೋಗುತ್ತಿದೆ. ಅದು ನಾವು ನೀವು ಮಾಡಿಸಿದ ರೀಚಾರ್ಜ್ ದುಡ್ಡೇ. ಎಲ್ಲ ಗ್ರಾಮ ಪಂಚಾಯಿತಿಗೂ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ, ಆಮೇಲೆ ಭಾರತ್‌ನೆಟ್ ಅಂತ ಹೆಸರಾಯಿತು. 2023ರ ಆಗಸ್ಟ್‌ನಲ್ಲಿ ಅದಕ್ಕೆ ಮತ್ತೆ ಸುಮಾರು 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಗಿದೆ ನಮ್ಮ ಪಾಡು. ಟಾರ್ ರಸ್ತೆಯವರೆಗೆ ಲಕ್ಷ ಕೋಟಿಯ ಲೆಕ್ಕ, ಅಲ್ಲಿಂದ ಮನೆ ಬಾಗಿಲಿಗೆ ಅರ್ಧ ಕಿಲೋಮೀಟರಿಗೆ ಜವಾಬ್ದಾರರೇ ಇಲ್ಲ.

ಹಳ್ಳಿಯವರಿಗೆ ನೆಟ್ ಯಾಕೆ, ಸುಮ್ನೆ ರೀಲ್ಸ್ ನೋಡಲು ತಾನೇ ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದರು. ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಆರ್ಡರ್ ಬರುವುದು ವಾಟ್ಸಾಪಿನಲ್ಲಿ. ದರೆ ಹತ್ತಿ ನೋಡುವಷ್ಟರಲ್ಲಿ ಗಿರಾಕಿ ಬೇರೆಯವರ ಹತ್ತಿರ ತೆಗೆದುಕೊಂಡಿರುತ್ತಾರೆ. ಮಗನಿಗೆ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಬಿಡುತ್ತದೆ, ಅವನಿಗೂ ಇಲ್ಲಿರಲು ಆಸೆ, ಆದರೆ ಹಬ್ಬಕ್ಕೆ ಬಂದವನು ಮಾರನೇ ದಿನವೇ ಬಸ್ ಹತ್ತುತ್ತಾನೆ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಮಳೆಯಲ್ಲಿ ಛತ್ರಿ ಹಿಡಿದು, ಉಂಬಳ ಕಚ್ಚಿಸಿಕೊಂಡು ಗುಡ್ಡದ ಮೇಲೆ ಕೂತು ಆನ್‌ಲೈನ್ ಪಾಠ ಕೇಳಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿ ಅಯ್ಯೋ ಪಾಪ ಅಂದಿರಿ. ನಮ್ಮ ಕಡೆ ಜನ 'ನೋ ನೆಟ್‌ವರ್ಕ್ ನೋ ವೋಟಿಂಗ್' ಅಂತ ಹೋರಾಟವನ್ನೂ ಮಾಡಿದರು. ಅದೆಲ್ಲ ಬಿಡಿ. ರಾತ್ರಿ ನಮ್ಮ ಅತ್ತೆಗೆ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಲು ಟಾರ್ಚ್ ಹಿಡಿದು ದರೆ ಹತ್ತಬೇಕು. ಮನೆಯಲ್ಲಿ ಫೈಬರ್ ಇದ್ದರೆ ವೈಫೈ ಮೇಲೆಯೇ ಮೊಬೈಲ್ ಕಾಲ್ ಹೋಗುತ್ತದೆ, ಟವರ್ ಬೇಕಾಗಿಲ್ಲ. ಇದಕ್ಕಾಗಿ ನಾವು ಕೇಳುತ್ತಿರುವುದು.

ಕಟ್ಟಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ವಾಪಸ್ ಬೇಕಾದರೆ ಆ್ಯಪ್‌ನಲ್ಲಿ ಕೇಳಬೇಕಂತೆ, ಅದಕ್ಕೂ ಓಟಿಪಿ. ನಾನು ಕೇಳಲ್ಲ. ನನಗೆ ದುಡ್ಡು ಬೇಡ, ಲೈನ್ ಬೇಕು.

ನಮ್ಮ ಕೇರಿಯ ಅಷ್ಟೂ ಮನೆಯವರು ಸೇರಿ ಈಗ ಒಂದೇ ಅರ್ಜಿ ಬರೆದಿದ್ದೇವೆ. ಒಂದು ಮನೆಗೆ ಖರ್ಚು ಹುಟ್ಟಲ್ಲ ಅನ್ನುವ ನೆಪ ಇರಬಾರದು ಅಂತ. ಅದರಲ್ಲಿ ಕೇಳಿದ್ದು ಇಷ್ಟೇ: ಲೈನ್ ಕೊಡಿ, ಆಗದಿದ್ದರೆ ಎಷ್ಟು ದೂರ, ಎಷ್ಟು ಖರ್ಚು, ಯಾರು ಬಂದು ಅಳೆದರು ಅಂತ ಸಹಿ ಹಾಕಿ ಕಾಗದದಲ್ಲಿ ಕೊಡಿ. ಆ ಬೇಡವಾದ ವಯರ್ ತೆಗೆದು ಪೋರ್ಟ್ ಖಾಲಿ ಮಾಡಿ. ಮೇಲಿನ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ, ಇಲ್ಲಿ ಫೋನ್ ಹತ್ತಲ್ಲ, ಮನೆಗೇ ಬನ್ನಿ ಅಂತ. ನಿಮ್ಮೂರಿನಲ್ಲೂ ಇದೇ ಉತ್ತರ ಬಂದಿದ್ದರೆ ಆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈ ಸಲ ನಾವು ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಆಫೀಸಿನಿಂದ ಏಳುವುದಿಲ್ಲ.