ಸಿಹಿ ಹೋಗಿದ್ದು ನಾಲಿಗೆಯಿಂದ, ರಕ್ತದಿಂದ ಅಲ್ಲ

ಇವತ್ತು ಬೆಳಿಗ್ಗೆ ಪಾರ್ಕಿನ ಗೇಟಿನ ಹತ್ತಿರ ಕಂಡದ್ದನ್ನು ಬರೆಯದೆ ಇರಲು ಆಗುತ್ತಿಲ್ಲ. ಒಬ್ಬ ಟೇಬಲ್ ಹಾಕಿಕೊಂಡು, ಶುಗರ್ ಕಾಯಿಲೆಗೆ ಮದ್ದು ಎಂದು ಮಧುನಾಶಿನಿ ಗಿಡದ ಎಲೆಯ ಪುಡಿ ಮಾರುತ್ತಿದ್ದ. ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರಿಗೆ ಎರಡು ಹಸಿ ಎಲೆ ಅಗಿಯಲು ಕೊಟ್ಟ. ಆಮೇಲೆ ಬಾಯಿಗೆ ಒಂದು ಚಮಚ ಸಕ್ಕರೆ. ಶುಗರ್ ಇರುವವರಿಗೆ!

"ಸಿಹಿ ಗೊತ್ತಾಗ್ತಿದೆಯಾ ಸಾರ್?" ಅವರು ಇಲ್ಲವೆಂದು ತಲೆಯಾಡಿಸಿದರು.

"ನೋಡಿ, ರಕ್ತದಲ್ಲೂ ಹೀಗೇ ಆಗೋದು. ಮೂರು ತಿಂಗಳು ತಗೊಳ್ಳಿ, ಮಾತ್ರೆ ಬಿಟ್ಬಿಡಿ."

ಆ "ಮಾತ್ರೆ ಬಿಟ್ಬಿಡಿ" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲ ಇದೆ. ನಾಲಿಗೆ ಸಿಹಿಯನ್ನು ಗುರುತಿಸದ ಹಾಗೆ ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಸಕ್ಕರೆ ಬಾಯಲ್ಲಿ ಮರಳಿನ ಹಾಗೆ ಅನ್ನಿಸುತ್ತದೆ, ಅಷ್ಟೇ. ಆ ಸಕ್ಕರೆ ಎಲ್ಲೂ ಮಾಯವಾಗಿಲ್ಲ. ಹೊಟ್ಟೆಗೆ ಇಳಿದು ನೇರ ರಕ್ತ ಸೇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು.

"ಹಾಗಾದರೆ ಗಿಡಮೂಲಿಕೆ ಎಲ್ಲ ಸುಳ್ಳಾ? ನಿಮ್ಮ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಂದಿದ್ದೂ ಗಿಡದಿಂದ ತಾನೇ?" ಎಂದು ಕೇಳುವವರಿದ್ದಾರೆ. ಅದರ ದಾರಿ ತೋರಿಸಿದ್ದು ಯುರೋಪಿನ ಗಲೇಗಾ ಎನ್ನುವ ಗಿಡ, ನಿಜ. ಆದರೆ ಆ ಗಿಡದಲ್ಲಿದ್ದ ವಸ್ತು ಶುಗರ್ ಇಳಿಸುವುದರ ಜೊತೆಗೆ ವಿಷವೂ ಆಗಿತ್ತು. ಅದಕ್ಕೇ ಅದನ್ನು ಹೋಲುವ, ಅಪಾಯ ಕಡಿಮೆಯಿರುವ ರಾಸಾಯನಿಕವನ್ನು ಹುಡುಕಿದರು. ಅದೇ ಮೆಟ್‌ಫಾರ್ಮಿನ್. ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ವಿವರ ಪ್ರಕಟವಾಗಿದ್ದು 1957ರಲ್ಲಿ. ಮಧುನಾಶಿನಿಯ ಮೇಲೂ ಕೆಲಸ ನಡೆದಿದೆ. 1990ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನದಲ್ಲಿ ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್ ಇದ್ದ 22 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟರು. ಶುಗರ್ ಇಳಿಯಿತು, ಕೆಲವರಿಗೆ ಮಾತ್ರೆಯೂ ಕಡಿಮೆಯಾಯಿತು. ಆದರೆ ಸಾರ ಕೊಟ್ಟಿದ್ದು ಮಾತ್ರೆಯ ಜೊತೆಗೆ, ರಕ್ತ ಪರೀಕ್ಷೆ ಮಾಡಿಸುತ್ತಾ. ಇಪ್ಪತ್ತೆರಡೇ ಜನ ಬೇರೆ. ಅಳತೆಯಿಲ್ಲದ ಪುಡಿ ಕೊಟ್ಟು ಮಾತ್ರೆ ಬಿಡಿಸಲು ಇದು ಸಾಕ್ಷಿ ಆಗುತ್ತದಾ?

ನಮ್ಮ ಮನೆ ವಿಷಯ ನಿಮಗೆಲ್ಲ ಗೊತ್ತಲ್ಲ. ಅಣ್ಣನ ಮಗಳಿಗೆ ಟೈಪ್ 1 ಶುಗರ್. ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, "ಪಾಪ, ಮಗೂಗೆ ಸೂಜಿ ಯಾಕಮ್ಮ? ಇನ್ಸುಲಿನ್ ಗಿಡದ ಎಲೆ ತಿನ್ನಿಸು" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಗುವಿನ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಚುಚ್ಚುವುದು ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಹೆಚ್ಚಾಗಿ ಜೀವಕ್ಕೇ ಕುತ್ತು. ಅತ್ತಿಗೆ ಆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ನನ್ನ ಕೋಪ ಅಲ್ಲಿಂದ ಬಂದದ್ದು.

ಡಯಾಬಿಟಿಸ್ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಆದರೂ ಶಾಶ್ವತ ಪರಿಹಾರದ ಬ್ಯಾನರುಗಳು ರಸ್ತೆಯಲ್ಲೇ ನೇತಾಡುತ್ತಿವೆ.

ಮೆಂತ್ಯದ ನೀರು, ಹಾಗಲಕಾಯಿ ಜ್ಯೂಸ್, ನೇರಳೆ ಬೀಜದ ಪುಡಿ ತೆಗೆದುಕೊಳ್ಳುವವರ ಜೊತೆ ನನಗೆ ಜಗಳವಿಲ್ಲ. ಮಾತ್ರೆ ಮಾತ್ರ ಬಿಡಬೇಡಿ. ಏನು ತೆಗೆದುಕೊಳ್ಳುತ್ತೀರೋ ಅದನ್ನು ಡಾಕ್ಟರಿಗೆ ಹೇಳಿ, ಅವರು ಬೈದರೂ ಹೇಳಿ. ಮಾತ್ರೆಯೂ ಪುಡಿಯೂ ಸೇರಿ ಶುಗರ್ ತೀರಾ ಇಳಿದು ಬೆವರು, ಕೈ ನಡುಕ ಶುರುವಾದರೆ ಯಾಕೆ ಅಂತ ಅವರಿಗಾದರೂ ಗೊತ್ತಿರಬೇಕು, ಅಲ್ವಾ?