ಹವಾ ಸೇರಿ ರೇಟು

ಇವತ್ತು ಬೆಳಿಗ್ಗೆ ಅರ್ಧ ಲೀಟರ್ ಹಾಲು ಉಕ್ಕಿ ಕಟ್ಟೆ ತುಂಬಾ ಹರಿದು ಹೋಯ್ತು. ಕಾರಣ ಚಿಕ್ಕಮಗಳೂರು. "ಬೇಗ ಬಾರೇ, ನೋಡಿಲ್ಲಿ, 19!" ಅಂತ ನಮ್ಮನೆಯವರು ಹಾಲ್‌ನಿಂದ ಕೂಗಿದ್ರು. ಲಾಟರಿ ಹೊಡೆದೋರ ಕೂಗು ಅದು. ಓಡಿ ಹೋಗಿ ನೋಡಿದ್ರೆ ಫೋನಲ್ಲಿ ಚಿಕ್ಕಮಗಳೂರಿನ ಟೆಂಪರೇಚರ್. ನಾವಿರೋದು ಬೆಂಗಳೂರಲ್ಲಿ, ಹಾಲಿರೋದು ಒಲೆ ಮೇಲೆ, ಚಿಕ್ಕಮಗಳೂರಲ್ಲಿ 19 ಆದ್ರೆ ನಾನೇನು ಶಾಲು ಹೊದ್ಕೊಳ್ಳಲಾ? 2025ರ ಏಪ್ರಿಲ್‌ನಲ್ಲಿ ಹಾಲಿಗೆ ಲೀಟರ್‌ಗೆ 4 ರೂಪಾಯಿ ಏರಿಸಿದಾಗ ಇದೇ ಮನುಷ್ಯ ಎರಡು ದಿನ ಗೊಣಗಿದ್ರು. ಇವತ್ತು ಉಕ್ಕಿದ್ದು ಅವರ ಲೆಕ್ಕಕ್ಕೇ ಬರಲಿಲ್ಲ.

ಬರೋ ವರ್ಷ ಅವರಿಗೆ ರಿಟೈರ್‌ಮೆಂಟು. ಎಲ್ಲಿ ಹೋಗಿ ಸೆಟ್ಲ್ ಆಗೋದು ಅನ್ನೋದು ಈಗ ಮನೇಲಿ ಫುಲ್ ಟೈಮ್ ಉದ್ಯೋಗ. ಕಾರ್ಖಾನೆ ಕೆಲಸ, ಇಪಿಎಸ್ ಪಿಂಚಣಿ. ಸಂಬಳ ಎಷ್ಟೇ ಇರ್ಲಿ ಅದರ ಲೆಕ್ಕ ಹಾಕೋದು ಹೆಚ್ಚೆಂದ್ರೆ 15,000ದ ಮೇಲೆ, ಸರ್ವೀಸ್‌ನಿಂದ ಗುಣಿಸಿ 70ರಿಂದ ಭಾಗಿಸಿದ್ರೆ ಮೂವತ್ತೈದು ವರ್ಷ ಬೆವರು ಸುರಿಸಿದವರಿಗೆ ಕೈಗೆ ಸಿಗೋದು ಜಾಸ್ತಿ ಅಂದ್ರೆ ಏಳೂವರೆ ಸಾವಿರದ ಆಸುಪಾಸು. ಪಿಎಫ್ ದುಡ್ಡಲ್ಲಿ 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದ್ರೆ 8.2 ಪರ್ಸೆಂಟ್ ಬಡ್ಡಿ, ಅಂದ್ರೆ ತಿಂಗಳಿಗೆ 20,500 ಬಿದ್ದಂಗಾಯ್ತು, ಅದೂ ಮೂರು ತಿಂಗಳಿಗೊಂದ್ಸಲ. ಇಷ್ಟರಲ್ಲಿ ತಂಪಾಗೂ ಇರಬೇಕು, ಅಗ್ಗವಾಗೂ ಇರಬೇಕು. ಅದಕ್ಕೆ ಎಕ್ಸೆಲ್ ಶೀಟು. ಒಂದು ಕಡೆ ಕ್ಲೈಮೇಟು, ಇನ್ನೊಂದು ಕಡೆ ಬಾಡಿಗೆ, ಹಾಲು, ತರಕಾರಿ, ಡಾಕ್ಟರ್ ಫೀಸು. ಬಸ್ ಚಾರ್ಜಿಗೂ ಒಂದು ಕಾಲಂ ಇದೆ, ಅದರಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ, ಅವರ ಹೆಸರಿನ ಮುಂದೆ 25 ಪರ್ಸೆಂಟ್ ರಿಯಾಯಿತಿ.

ಮಡಿಕೇರಿ ಮೊದಲ ವಾರಕ್ಕೇ ಔಟ್. ಅಲ್ಲಿ ಹೋಮ್‌ಸ್ಟೇಲಿ ಒಂದು ರಾತ್ರಿ ಮಲಗಿ ಎದ್ರೆ ಒಂದು ತಿಂಗಳ ಇಪಿಎಸ್ ಹೋಯ್ತು. ಶಿರಸಿ ಕಡೆ ಚೆಂದವೇ, ಆದ್ರೆ ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಒಣಗಿಸೋಳು ಯಾರು ಅಂತ ಕೇಳ್ದೆ, ಶೀಟ್‌ನಿಂದ ಸಾಲೇ ಡಿಲೀಟ್ ಆಯ್ತು. ಮಂಗಳೂರಲ್ಲಿ ಸ್ನಾನ ಮಾಡಿ ಮೈ ಒರೆಸೋಷ್ಟರಲ್ಲಿ ಮತ್ತೆ ಸ್ನಾನ. ಮೈಸೂರು ಎಲ್ಲರ ಬಾಯಲ್ಲೂ ಬರೋ ಹೆಸರು, ಆದ್ರೆ ಹೈವೇ ಆದ್ಮೇಲೆ ಅಲ್ಲಿ ಸೈಟ್ ರೇಟ್ ಕೇಳೋ ಹಂಗಿಲ್ಲ, ಮೇಲಾಗಿ ಅದು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆಯಂತೆ, ತಗ್ಗಿಗೆ ಹೋದಷ್ಟೂ ಸೆಕೆಯಂತೆ. ಈ "ಅಂತೆ"ಗಳನ್ನೆಲ್ಲ ನಾನು ಸಾರಿಗೆ ಹುಣಸೆಹಣ್ಣು ಕಿವುಚ್ತಾ ಕೇಳಿಸ್ಕೋಬೇಕು.

ಯಾರು ಸಿಕ್ಕಿದ್ರೂ ಬಿಡಲ್ಲ. ಆಟೋದವರು, ಸೆಕ್ಯುರಿಟಿ, ಪಾರ್ಸೆಲ್ ತರೋ ಹುಡುಗರು, ಎಲ್ಲರಿಗೂ ಒಂದೇ ಪ್ರಶ್ನೆ: ಯಾವೂರು, ಬೇಸಿಗೇಲಿ ಹೇಗೆ, ಬಾಡಿಗೆ ಎಷ್ಟು? 2024ರ ಬೇಸಿಗೇಲಿ ನಮ್ಮ ಬಿಲ್ಡಿಂಗ್ ಬೋರ್‌ವೆಲ್ ಕೈ ಕೊಟ್ಟಾಗಿಂದ ಟ್ಯಾಂಕರ್ ನೀರು. ಮೊನ್ನೆ ಆ ಟ್ಯಾಂಕರ್ ಡ್ರೈವರ್‌ನೂ ಹಿಡ್ಕೊಂಡ್ರು. ಅವನು ರಾಯಚೂರಿನವನು. ಪೈಪ್ ಸುತ್ತತಾ ಹೇಳಿದ, "ನಮ್ಮೂರಿಗೆ ಬರ್ರಿ ಸರ, ಬಾಡಗಿ ಕಡಿಮಿ, ಬಿಸಲಂತೂ ಪುಕ್ಕಟ."

ಆದ್ರೆ ಧಾರವಾಡದ್ದು ಹೇಳ್ಲೇಬೇಕು. ಇವರ ಚಿಕ್ಕಪ್ಪ ಅಲ್ಲೇ ಪ್ರೊಫೆಸರ್ ಆಗಿದ್ದು ಅಲ್ಲೇ ಉಳಿದವರು, ಈಗಿಲ್ಲ, ಚಿಕ್ಕಮ್ಮ ಮಗ ಸೊಸೆ ಇದಾರೆ. ಧಾರವಾಡದ ರಾತ್ರಿ ತಂಪು ಅಂತ ಚಿಕ್ಕಪ್ಪ ಹೇಳ್ತಿದ್ದದ್ದು ಇವರ ತಲೇಲಿ ಕೂತಿದೆ. ಮೇ ತಿಂಗಳಲ್ಲಿ ಹೊರಟ್ವಿ, ಸೂಟ್‌ಕೇಸಲ್ಲಿ ಬನಿಯನ್ನುಗಳ ಮಧ್ಯೆ ಎಸ್.ಪಿ. ರೋಡಲ್ಲಿ ತಂದ ಗೋಡೆ ಥರ್ಮಾಮೀಟರ್. ಬ್ಯಾಗ್ ಇಳಿಸಿ ನೀರು ಕುಡಿಯೋ ಮುಂಚೆ ಅದನ್ನ ಎಲ್ಲಿ ನೇತು ಹಾಕೋದು ಅಂತ ಹಾಲ್ ಪೂರ್ತಿ ನೋಡಿದ್ರು. ಇದ್ದದ್ದೇ ಒಂದು ಮೊಳೆ. ಅದರಲ್ಲಿ ಗಂಧದ ಹಾರ ಹಾಕಿದ್ದ ಚಿಕ್ಕಪ್ಪನ ಫೋಟೋ. ಎಲ್ಲರೂ ಮಲಗೋಕೆ ಹೋದ್ಮೇಲೆ ಫೋಟೋ ಇಳಿಸಿ ಸ್ಟೂಲ್ ಮೇಲೆ ಒರಗಿಸಿ, ಆ ಜಾಗದಲ್ಲಿ ಥರ್ಮಾಮೀಟರ್. ಹಾಲಲ್ಲೇ ನಮ್ಮ ಹಾಸಿಗೆ. "ಅಣ್ಣಾ, ಫ್ಯಾನ್ ಹಚ್ಲೇನು?" ಅಂತ ಮೈದುನ ಎದ್ದು ಬಂದು ಕೇಳಿದ್ರೆ ಬೇಡವಂತೆ, ಟೆಸ್ಟ್ ಹಾಳಾಗತ್ತಂತೆ. ಸೊಳ್ಳೆ ಅಂತ ಕಿಟಕಿ ಬೇರೆ ಹಾಕಿತ್ತು. ಸೊಸೆ ನನ್ನ ಕಿವೀಲಿ, "ವೈನಿ, ಅಣ್ಣಾವ್ರ ಆರಾಮ ಅದಾರಿಲ್ಲೋ?" ಅಂದ್ಲು. ನಾನೇನ್ ಹೇಳ್ಲಿ.

ಎರಡು ಗಂಟೆಗೊಮ್ಮೆ ಎದ್ದು ಟಾರ್ಚ್ ಹಾಕಿ ರೀಡಿಂಗ್ ನೋಡಿ ಡೈರೀಲಿ ಬರ್ಕೊಳ್ಳೋದು. ಮೂರು ಗಂಟೆ ಸುಮಾರಿಗೆ ಚಿಕ್ಕಮ್ಮ ಬಚ್ಚಲಿಗೆ ಅಂತ ಎದ್ದು ಬಂದ್ರು. ಕತ್ತಲೆ ಹಾಲ್, ಗೋಡೆ ಮುಂದೆ ಬನಿಯನ್‌ನಲ್ಲಿ ನಿಂತ ಭಾವನ ಮಗ, ಪಕ್ಕದ ಸ್ಟೂಲ್ ಮೇಲೆ ಕೆಳಗಿಳಿದ ಗಂಡನ ಫೋಟೋ, ಟಾರ್ಚ್ ಬೆಳಕಲ್ಲಿ ಹೊಳೀತಿರೋ ಅವನ ಮುಖ, ಅದರ ಮೇಲೆ ಇಳೀತಿರೋ ನೀರು. ಅದು ಬೆವರು ಕಣ್ರೀ, ಬರೀ ಬೆವರು. ಚಿಕ್ಕಮ್ಮ ಬಂದು ತಬ್ಬಿಕೊಂಡೇಬಿಟ್ರು. "ನಿಮ್ಮ ಕಾಕಾನ ನೆನಪಾತೇನಪಾ, ಅಳಬ್ಯಾಡೋ" ಅಂತ ತಾವೇ ಅತ್ರು. ಇವರು ಏನು ಹೇಳ್ತಾರೆ, 30 ಡಿಗ್ರಿ ಇದೆ ಅಂತ ಹೇಳೋಕಾಗತ್ತಾ? "ಹೂಂ ಚಿಕ್ಕಮ್ಮ" ಅಂದ್ರು. ಆಮೇಲೆ ಬೆಳಗಿನವರೆಗೂ ಚಿಕ್ಕಪ್ಪನ ಕಥೆ, ಆ ಫೋಟೋ ಮಡಿಲಲ್ಲಿಟ್ಕೊಂಡು. ವಾಪಸ್ ಬರೋವಾಗ ಪೇಢೆ ಜೊತೆ ಚಿಕ್ಕಪ್ಪನ ಹಳೇ ಸ್ವೆಟರನ್ನೂ ಕಟ್ಟಿ ಕೊಟ್ರು. ಧಾರವಾಡದ ಸಾಲು ಶೀಟಲ್ಲಿ ಇನ್ನೂ ಇದೆ, ಕೆಂಪು ಬಣ್ಣದಲ್ಲಿ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ನಮ್ಮಪ್ಪ ಬಳ್ಳಾರಿಲಿ ರೈಲ್ವೇಲಿದ್ರು. ರಿಟೈರ್ ಆದಾಗ ಅವರ ಹತ್ರ ಶೀಟೂ ಇರ್ಲಿಲ್ಲ, ಥರ್ಮಾಮೀಟರೂ ಇರ್ಲಿಲ್ಲ. ಹವಾ ಚೆನ್ನಾಗಿದೆ, ಖರ್ಚು ಕಮ್ಮಿ ಅಂತ ಟ್ರಂಕ್ ಎತ್ಕೊಂಡು ಬಂದದ್ದು ಈ ಬೆಂಗಳೂರಿಗೇ. ಪಿಂಚಣಿದಾರರ ಸ್ವರ್ಗ ಅಂತ ಆಗ ಎಲ್ಲರೂ ಕರೀತಿದ್ದದ್ದು ಇದನ್ನೇ. ಜಯನಗರದ ಆ ಬಾಡಿಗೆ ಮನೇಲಿ ಫ್ಯಾನೇ ಇರ್ಲಿಲ್ಲ, ನನ್ನ ಮದುವೆಗೆ ಮದ್ರಾಸಿಂದ ನೆಂಟರು ಬರ್ತಾರೆ ಅಂತ ಒಂದು ತಂದದ್ದು, ಅವರು ಹೋದ ಮಾರನೇ ದಿನ ಅಪ್ಪ ಅದಕ್ಕೆ ಹಳೇ ಪಂಚೆ ಸುತ್ತಿ ಅಟ್ಟಕ್ಕೆ ಹಾಕಿದ್ರು. ಸಂಜೆ ಆರಕ್ಕೆ ಮಫ್ಲರ್ ಸುತ್ಕೊಂಡು ವಾಕಿಂಗು. 2016ರ ಏಪ್ರಿಲ್ 24ಕ್ಕೆ ಇದೇ ಊರಲ್ಲಿ 39.2 ಡಿಗ್ರಿ ಆಯ್ತು, 2024ರ ಏಪ್ರಿಲ್ 28ಕ್ಕೆ 38.5. ಅಪ್ಪ ಇದ್ದಿದ್ರೆ ಬಳ್ಳಾರಿಗೇ ವಾಪಸ್ ಟಿಕೆಟ್ ತಗೋತಿದ್ರೇನೋ.

ಮತ್ತೆ ಆ ಶೀಟಲ್ಲಿ ಇಷ್ಟೊಂದು ಕಾಲಂ ಇವೆಯಲ್ಲ, ನನ್ನ ಅಡುಗೆಮನೆಗೆ ಒಂದು ಇಲ್ಲ. ಹಾಸನ ಆಗ್ಲಿ ಹಂಪಿ ಆಗ್ಲಿ, ದೋಸೆ ಹಂಚಿನ ಮುಂದೆ ನಿಂತವಳಿಗೆ ಎಲ್ಲಾ ಊರೂ ಒಂದೇ ಡಿಗ್ರಿ. ಇಲ್ಲಿ ಪಾತ್ರೆ ತೊಳೆಯೋಕೆ ಬರೋ ನಮ್ಮ ಅಮ್ಮಣ್ಣಿ ಅಲ್ಲಿಗೆ ಬರ್ತಾಳಾ ಅಂದ್ರೆ "ಇಬ್ಬರ ಪಾತ್ರೆ ಎಷ್ಟಿರತ್ತೆ" ಅಂತಾರೆ. ಎಷ್ಟಿರತ್ತೆ ಅಂತ ತೊಳೆದವರಿಗೆ ಗೊತ್ತು.

ಈಗ ಕೊನೆಗೆ ಉಳಿದಿರೋದು ಹಾಸನ. ಬಡವರ ಊಟಿ ಅಂತಾರಲ್ಲ, ಎತ್ತರ ನಮ್ಮಷ್ಟೇ, ಒಂಚೂರು ಜಾಸ್ತಿನೇ. ಬಡವರು ಅಂದ್ರೆ ನಾವೇ ಅಂತ ಖುಷಿಯಾಗಿ ಹೋದ್ವಿ. ಬ್ರೋಕರ್ ಒಂದು ಥರ್ಟಿ ಫಾರ್ಟಿ ಸೈಟ್ ತೋರಿಸಿ ಹೇಳಿದ ರೇಟಿಗೆ ನನಗೆ ಅಲ್ಲೇ ಸೆಕೆ ಶುರುವಾಯ್ತು. ಯಾಕಪ್ಪಾ ಇಷ್ಟು ಅಂದ್ರೆ, "ಬರೀ ಸೈಟಲ್ಲ ಸಾರ್, ಹವಾ ಸೇರಿ ರೇಟು. ಬೆಂಗಳೂರೋರು ಬಂದು ಕೇಳೋದೇ ಅದನ್ನ." ಇವರು ಯೋಚನೆ ಮಾಡ್ತೀನಿ ಅಂತ ಹೇಳಿ ನನ್ನ ನಂಬರ್ ಕೊಟ್ಟು ಬಂದ್ರು. ನನ್ನ ನಂಬರ್!

ಅವನು ಇವತ್ತು ಮಧ್ಯಾಹ್ನ ಫೋನ್ ಮಾಡಿದ್ದ, ನಾನಿನ್ನೂ ಕಟ್ಟೆಗಂಟಿದ ಹಾಲು ಕೆರೀತಿದ್ದೆ. ಸೈಟ್ ವಿಷಯ ಅಲ್ವಂತೆ. ಹಾಸನದ ಪಾರ್ಟಿ ಒಬ್ರು ರಿಟೈರ್ ಆಗ್ತಿದಾರಂತೆ, ಮಕ್ಕಳೆಲ್ಲ ಬೆಂಗಳೂರಲ್ಲೇ, ದೊಡ್ಡಾಸ್ಪತ್ರೆ ಹತ್ರ ಇರಬೇಕು ಅಂತ ಇಲ್ಲಿ ಮನೆ ಹುಡುಕ್ತಿದಾರಂತೆ, "ನೀವೆಂಗೂ ಖಾಲಿ ಮಾಡ್ತೀರಲ್ಲ ಮೇಡಂ, ಕೊಡ್ತೀರಾ?" ಅಂದ. ರೇಟ್ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು ಕೇಳ್ದ, "ನೀರಿಗೆ ಹೇಗೆ ಮೇಡಂ?"

ಹವಾ ಚೆನ್ನಾಗಿದೆ ಅಂದೆ.