ನನ್ನ ಜೋಳ ನನಗ ಕೊಡ್ರಿ

ನಮ್ಮ ವಿಜಯಪುರದಲ್ಲಿ ಪ್ರಾಜೆಕ್ಟ್ ಅಂದರೆ ಥರ್ಮಾಕೋಲ್ ಗೋಳಗುಮ್ಮಟ. ರಾತ್ರಿ ಹನ್ನೊಂದಕ್ಕೆ ಅಪ್ಪ ಕತ್ತರಿಸುತ್ತಾನೆ, ಅವ್ವ ಅಂಟು ಹಚ್ಚುತ್ತಾಳೆ, ಮಗು ಗೊರಕೆ ಹೊಡೆಯುತ್ತದೆ. ಬೆಳಗ್ಗೆ ಸ್ಟಾರ್ ಮಾತ್ರ ಮಗುವಿಗೆ. ಈ ಸಲ ಎಲ್‌ಕೆಜಿಯಲ್ಲಿ ಅದೆಲ್ಲ ಬೇಡ, ಮಕ್ಕಳು ತಾವೇ ನೋಡಿ, ಮುಟ್ಟಿ, ಕೇಳಿ ಕಲಿಯಲಿ ಅಂತ ತೀರ್ಮಾನವಾಯಿತು. ವಿಷಯ, ಜೋಳದ ರೊಟ್ಟಿ.

ಅಮೆರಿಕದ ಕಿಲ್‌ಪ್ಯಾಟ್ರಿಕ್ ಅನ್ನುವ ಮೇಷ್ಟ್ರು 1918ರಲ್ಲೇ ಈ ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಬರೆದಿದ್ದಾರೆ. ಮಗು ಒಂದು ಉದ್ದೇಶ ಇಟ್ಟುಕೊಂಡು ಮನಸಾರೆ ಮಾಡುವ ಕೆಲಸವೇ ಪಾಠ ಅಂತ. ಮಾತು ಸರಿಯೇ. ಆದರೆ ನಮ್ಮ ಮಕ್ಕಳ ಉದ್ದೇಶಗಳನ್ನು ಅವರು ನೋಡಿರಲಿಲ್ಲ ಅಲ್ವಾ?

ಮೊದಲು ಮಕ್ಕಳಿಗೆ ಏನು ಗೊತ್ತಿದೆ ಅಂತ ಕೇಳಬೇಕು. "ಜೋಳ ಎಲ್ಲಿಂದ ಬರ್ತದ?"

"ಅಜ್ಜನ ಹೊಲದಾಗಿಂದ."

"ರೇಷನ್ ಅಂಗಡ್ಯಾಗಿಂದ."

"ಪಪ್ಪನ ಮೊಬೈಲ್‌ನಾಗಿಂದ."

ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ತಪ್ಪು ಅನ್ನುವ ಹಾಗಿಲ್ಲ.

ಆಮೇಲೆ ಗಿರಣಿಗೆ ಹೊರಟೆವು. ಒಬ್ಬೊಬ್ಬರ ಕೈಯಲ್ಲೂ ಹೆಸರು ಬರೆದ ಪುಟ್ಟ ಚೀಲ, ಅದರಲ್ಲಿ ಒಂದು ಹಿಡಿ ಬಿಳಿಜೋಳ. ಗಿರಣಿ ಕಾಕಾ ಎಲ್ಲವನ್ನೂ ಒಟ್ಟಿಗೇ ಸುರಿದುಬಿಟ್ಟ. ಪಾಪ, ಹಿಡಿ ಹಿಡಿ ಬೀಸಿದರೆ ಕಲ್ಲಿನ ಸಂದಿಗೂ ಸಾಲದು. ಬಟ್ಟೆ ಚೀಲದ ಬಾಯಿಂದ ಬಿಸಿ ಹಿಟ್ಟು ಉದುರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಒಬ್ಬಳು ಖಾಲಿ ಚೀಲ ಎತ್ತಿ ಹಿಡಿದಳು.

"ಕಾಕಾ, ನನ್ನ ಜೋಳ?"

"ಹಿಟ್ಟಾತಲ್ಲವಾ."

"ಅದು ಅವಂದು. ನಂದು ಯಾವ್ದು?"

ಮುಗೀತು. ಎಲ್ಲರಿಗೂ ತಮ್ಮ ತಮ್ಮ ಜೋಳ ವಾಪಸ್ ಬೇಕು. ಅಳುವಿನ ಮುಂದೆ ಗಿರಣಿಯ ಸದ್ದೇ ಕೇಳಿಸಲಿಲ್ಲ. ಕಾಕಾ ಪ್ರತಿ ಚೀಲಕ್ಕೂ ಒಂದು ಹಿಡಿ ಹಿಟ್ಟು ತುಂಬಿ, "ಇದು ನಿಂದ ನೋಡವಾ, ಬೇಕಾದ್ರ ವಾಸನಿ ನೋಡು" ಅಂದ. ಅವಳು ಮೂಗು ಒಳಗಿಟ್ಟು ನೋಡಿದಳು. ಸೀನಿದಳು. ಪಕ್ಕದವನ ಮುಖ ಬೆಳ್ಳಗಾಯಿತು. ಅವನು ತನ್ನ ಚೀಲವನ್ನು ಅವಳ ತಲೆ ಮೇಲೆ ಬೋರಲು ಹಾಕಿದ. ಲೆಕ್ಕ ಚುಕ್ತಾ.

ರೊಟ್ಟಿ ಬಡಿಯಲು ಒಬ್ಬ ಹುಡುಗನ ಆಯಿ ಬಂದಿದ್ದರು. ಜೋಳದ ಹಿಟ್ಟಿಗೆ ಗೋಧಿಯಷ್ಟು ಜಿಗಿ ಇಲ್ಲ, ಅದಕ್ಕೇ ಕುದಿಯುವ ಎಸರು ಬೇಕು ಅಂತ ನಾನು ವಿವರಿಸುತ್ತಿದ್ದೆ. ಯಾರಿಗೆ ಬೇಕಿತ್ತು? ಅವರಿಗೆ ಬೇಕಿದ್ದದ್ದು ಬಡಿಯುವುದು. ಹಿಟ್ಟು, ಟೇಬಲ್ಲು, ಮುಂದೆ ಕೂತವನ ಬೆನ್ನು, ಎಲ್ಲವನ್ನೂ ಮನಸಾರೆ ಬಡಿದರು. ಆಯಿ ನೋಡಿ ನೋಡಿ ಅಂದರು, "ಅಕ್ಕಾರ, ಇವು ರೊಟ್ಟಿ ಬಡ್ಯಾಕತ್ತಿಲ್ರಿ, ಡೊಳ್ಳು ಬಡ್ಯಾಕತ್ತಾವ."

ಕೊನೆಗೆ ಪಾಲಕರಿಗೆ ತೋರಿಸುವ ದಿನ. ಬಿತ್ತುವುದರಿಂದ ತಟ್ಟೆಯವರೆಗೆ ಅಂತ ನಾನು ಚೆಂದದ ಚಾರ್ಟ್ ಮಾಡಿದ್ದೆ. ಅದರ ಕಡೆ ಯಾರೂ ತಿರುಗಲಿಲ್ಲ. ಮಕ್ಕಳು ಟಿವಿ ಡಬ್ಬಿಯಲ್ಲಿ ಗಿರಣಿ ಹಾಕಿ ಕೂತಿದ್ದರು. ಮುಖ್ಯ ಅತಿಥಿಗಳು ಬಗ್ಗಿ, ಪ್ರೀತಿಯಿಂದ ಒಂದು ಹಿಡಿ ಜೋಳ ಮುಂದೆ ಹಿಡಿದರು.

ಗಿರಣಿ ಮಾಲೀಕ ತಲೆಯೆತ್ತಿ ನೋಡಿದ. "ಚೀಲದ ಮ್ಯಾಲ ಹೆಸರು ಬರದೀರೇನ್ರಿ?"

"ಇಲ್ಲಪ್ಪ."

"ಹಂಗಾದ್ರ ಆಗಂಗಿಲ್ರಿ. ಕರೆಂಟೂ ಇಲ್ಲ. ನಾಳೆ ಬರ್ರಿ."